ಅನಿವಾರ್ಯವೆಂಬ ಹಡಗು

ಮಕ್ಕಳಿಗೆಂದು ನಿರ್ಮಿಸಿದ ಆನಿಮೇಷನ್ ಚಿತ್ರವನ್ನು ಮನೆಯ ಹಿರಿಯರು ಜೊತೆಯಲ್ಲಿ ಕುಳಿತು ನೋಡುವುದು ವಿರಳ. ರಕ್ತಪಾತದ ಚಿತ್ರವಲ್ಲವಷ್ಟೆ ಎಂಬ ಸಮಾಧಾನದಿಂದ ಮಕ್ಕಳನ್ನು ಟಿ.ವಿ.ಯ ಮುಂದೆ ಕೂರಿಸಿ ಅವರು ತಮ್ಮ ಕೆಲಸಕ್ಕೆ ತೆರಳುತ್ತಾರೆ. ಕ್ರಿಸ್ ವಿಲಿಯಮ್ಸ್ ನಿರ್ದೇಶಿಸಿದ, 2022ರ ಜುಲೈ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ‘ದಿ ಸೀ ಬೀಸ್ಟ್’ ಎಂಬ ಕಡಲಯಾನದ ಚಿತ್ರವನ್ನು ಹಾಗೆ ಬಿಟ್ಟುಬಿಡುವುದು ಉಚಿತವಲ್ಲ. ಅದರ ವಸ್ತುವೇ ಹಿಂಸೆ. ಅದಕ್ಕಿಂತಲೂ ಮುಖ್ಯವಾಗಿ, ಹಿಂಸೆಯನ್ನು ಶೌರ್ಯವೆಂದು ನಂಬಿಸುವ ಪುಸ್ತಕವೊಂದು ಮಗುವಿನ ಕೈಗೆ ಹೇಗೆ ಬರುತ್ತದೆ ಎಂಬುದು ಅದರ ಕಥೆ.

ವಿಲಿಯಮ್ಸ್ ಈ ಕ್ಷೇತ್ರಕ್ಕೆ ಹೊಸಬರಲ್ಲ. ಆಸ್ಕರ್ ಪ್ರಶಸ್ತಿ ಪಡೆದ ‘ಬಿಗ್ ಹೀರೋ 6’ (2014) ಚಿತ್ರದ ನಿರ್ದೇಶಕರಲ್ಲಿ ಅವರೊಬ್ಬರು. 2016ರ ‘ಮೊವಾನಾ’ ಚಿತ್ರಕ್ಕೆ ಸಹನಿರ್ದೇಶಕರಾಗಿ ದುಡಿದವರು. ಪ್ರಸ್ತುತ ಚಿತ್ರವೂ 2023ರಲ್ಲಿ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯಲ್ಲಿತ್ತು. ಕಡಲಿನ ನೀರನ್ನು, ಬಿರುಗಾಳಿಗೆ ಬಿರಿಯುವ ಹಾಯಿಗಳನ್ನು, ಒದ್ದೆ ಹಗ್ಗಗಳ ಬಿಗಿತವನ್ನು ಇಷ್ಟು ನೈಜವಾಗಿ ಚಿತ್ರಿಸಿದ ಆನಿಮೇಷನ್ ಕೃತಿಗಳು ಕಡಿಮೆ. ಈ ಕುಶಲತೆಯನ್ನು ಮೊದಲೇ ಒಪ್ಪಿಕೊಳ್ಳಬೇಕು. ಆಕ್ಷೇಪವೂ ಒಂದರ್ಥದಲ್ಲಿ ಆ ಕುಶಲತೆಯಿಂದಲೇ ಹುಟ್ಟುತ್ತದೆ.

ಕಥೆಯ ಕಾಲ, ದೇಶ ಎರಡೂ ಕಲ್ಪಿತ. ಸಮುದ್ರದಲ್ಲಿ ದೈತ್ಯ ಮೃಗಗಳಿವೆ. ಅವುಗಳನ್ನು ಕೊಲ್ಲಲು ಬೇಟೆಗಾರರ ಹಡಗುಗಳಿವೆ. ಆ ಬೇಟೆಯ ವೆಚ್ಚ ಭರಿಸಲು ಒಂದು ಅರಸೊತ್ತಿಗೆಯಿದೆ. ಬೇಟೆಗಾರರ ಶ್ರೇಷ್ಠ ಹಡಗಿನ ಹೆಸರು ‘ಇನ್‌ಎವಿಟಬಲ್’. ಕನ್ನಡದಲ್ಲಿ ಹೇಳುವುದಾದರೆ ‘ಅನಿವಾರ್ಯ’. ಚಿತ್ರ ಈ ಹೆಸರಿನ ಕುರಿತು ಏನನ್ನೂ ವಿವರಿಸುವುದಿಲ್ಲ, ಆದರೆ ವ್ಯಾಪಾರ ವ್ಯವಹಾರದಲ್ಲಿ ನಾಲ್ಕು ದಿನ ಕಳೆದವರಿಗೆ ವಿವರಣೆ ಬೇಕಾಗಿಯೂ ಇಲ್ಲ. ಮಾಡಬಾರದ್ದನ್ನು ಮಾಡಿದವರೆಲ್ಲರೂ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆಯುವುದು ಅನಿವಾರ್ಯವೆಂಬ ಶಿರೋನಾಮೆಯ ಕೆಳಗೇ.

ಹಡಗಿನ ಒಡೆಯ ಕ್ಯಾಪ್ಟನ್ ಕ್ರೋ. ರೆಡ್ ಬ್ಲಸ್ಟರ್ ಎಂಬ ಕೆಂಪು ದೈತ್ಯಮೃಗ ಅವನ ಒಂದು ಕಣ್ಣನ್ನು ತೆಗೆದಿದೆ. ಅದನ್ನು ಕೊಲ್ಲುವುದೇ ಅವನ ಜೀವಿತದ ಹಟ. ಹಡಗು ಮುಳುಗಿ ಅನಾಥನಾಗಿ ತೇಲುತ್ತಿದ್ದ ಬಾಲಕ ಜೇಕಬ್ ಹಾಲೆಂಡ್‌ನನ್ನು ಅವನೇ ರಕ್ಷಿಸಿ ಮಗನಂತೆ ಬೆಳೆಸಿದ್ದಾನೆ. ಮೂರನೆಯವಳು ಮೇಸಿ ಬ್ರಂಬಲ್ ಎಂಬ ಪುಟ್ಟ ಹುಡುಗಿ. ಬೇಟೆಯ ಹಡಗಿನಲ್ಲಿ ತಂದೆತಾಯಿಯರನ್ನು ಕಳೆದುಕೊಂಡವಳು. ಅನಾಥಾಲಯದಲ್ಲಿ ರಾತ್ರಿ ಇತರ ಮಕ್ಕಳಿಗೆ ಬೇಟೆಗಾರರ ವೀರಗಾಥೆಯನ್ನು ಪುಸ್ತಕ ಹಿಡಿದು ಓದುವವಳು. ತನ್ನವರು ಮಹತ್ತಾದ ಮರಣವನ್ನು ಪಡೆದರೆಂದು ಅವಳಿಗೆ ಹೆಮ್ಮೆ. ಅನಾಥಾಲಯದಿಂದ ತಪ್ಪಿಸಿಕೊಂಡು ಅವಳು ಕ್ರೋನ ಹಡಗಿನಲ್ಲಿ ಅಡಗಿ ಕುಳಿತುಕೊಳ್ಳುತ್ತಾಳೆ.

ಶ್ರಾವಕಾಚಾರದ ವಿವೇಚನೆಯಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದದ್ದೇ. ಕೊಲ್ಲಬೇಕೆಂಬ ಇಚ್ಛೆಯಿಂದಲೇ ಕೊಲ್ಲುವ ಸಂಕಲ್ಪೀ ಹಿಂಸೆ ಗೃಹಸ್ಥನಿಗೂ ಸರ್ವಥಾ ತ್ಯಾಜ್ಯ. ತನ್ನವರ ರಕ್ಷಣೆಗಾಗಿ ಒದಗಿಬರುವ ವಿರೋಧೀ ಹಿಂಸೆಯ ವಿಷಯದಲ್ಲಿ ಗೃಹಸ್ಥನ ಅಶಕ್ತತೆಯನ್ನು ಶಾಸ್ತ್ರವು ಗಣನೆಗೆ ತೆಗೆದುಕೊಂಡಿದೆ. ಚಿತ್ರದ ಬೇಟೆಗಾರರು ಹೇಳಿಕೊಳ್ಳುವುದು ಈ ಎರಡನೆಯದನ್ನೇ. ಮೃಗಗಳು ದಡಕ್ಕೆ ಬಂದು ಊರುಗಳನ್ನು ನಾಶಮಾಡಿದವು, ಆದಕಾರಣ ಯುದ್ಧ ಆರಂಭವಾಯಿತು ಎಂದು ಅವರ ಪುಸ್ತಕ ಸಾರುತ್ತದೆ. ಕಥೆ ಮುಂದುವರಿದಂತೆ ಮೇಸಿಗೆ ತಿಳಿದುಬರುವ ಸತ್ಯ ಬೇರೆ. ಮೃಗಗಳು ಎಂದೂ ಊರುಗಳ ಮೇಲೆ ಬಂದಿರಲಿಲ್ಲ. ಅರಸೊತ್ತಿಗೆಯು ತನ್ನ ರಾಜ್ಯವನ್ನು ಕಡಲಾಚೆಗೆ ವಿಸ್ತರಿಸಿಕೊಳ್ಳಲು ಆ ಇತಿಹಾಸವನ್ನು ಕಟ್ಟಿ ಬರೆಯಿಸಿತ್ತು. ಪುಸ್ತಕಗಳ ಮೇಲೆಲ್ಲ ಒಂದೇ ರಾಜಮುದ್ರೆ ಇರುವುದನ್ನು ಹುಡುಗಿ ಗುರುತಿಸುವ ಘಟ್ಟವೇ ಚಿತ್ರದ ಹೃದಯ. ಸಂಕಲ್ಪೀ ಹಿಂಸೆಗೆ ವಿರೋಧೀ ಹಿಂಸೆಯ ವೇಷ ತೊಡಿಸಲು ಬೇಕಾದದ್ದು ಒಂದು ಅಸತ್ಯ. ಎರಡು ವ್ರತಗಳ ಭಂಗವು ಹೀಗೆ ಒಂದೇ ಗಂಟಿನಲ್ಲಿ ಕಟ್ಟಿಬಂದಿರುವುದನ್ನು ಇಷ್ಟು ಸರಳವಾಗಿ ಹನ್ನೆರಡು ವರ್ಷದ ಮಗುವಿಗೂ ತಿಳಿಯುವಂತೆ ತೋರಿಸಿದ ಚಿತ್ರ ಪ್ರಶಂಸೆಗೆ ಅರ್ಹ.

ಇದು ಬರಿಯ ಕಲ್ಪನೆಯೂ ಅಲ್ಲ. ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ (1851) ಕಾದಂಬರಿಯ ಕ್ಯಾಪ್ಟನ್ ಏಹಾಬ್ ಬಿಳಿಯ ತಿಮಿಂಗಿಲದಿಂದ ಕಾಲು ಕಳೆದುಕೊಂಡು ಸೇಡಿಗೆ ಹೊರಟವನು. ಕ್ರೋ ಅವನ ವಂಶದವನೇ. ಮೆಲ್ವಿಲ್‌ಗೆ ತಿಳಿದಿದ್ದ ನಿಜ ಘಟನೆ 1820ರದು. ಅಮೆರಿಕದ ನಾಂಟುಕೆಟ್‌ನಿಂದ ಹೊರಟ ‘ಎಸೆಕ್ಸ್’ ಎಂಬ ಹಡಗನ್ನು ಶಾಂತಸಾಗರದಲ್ಲಿ ತಿಮಿಂಗಿಲವೊಂದು ಡಿಕ್ಕಿಹೊಡೆದು ಮುಳುಗಿಸಿತು. ಆ ಹಡಗು ಅಲ್ಲಿಗೆ ಹೋಗಿದ್ದಾದರೂ ಏಕೆ? ತಿಮಿಂಗಿಲಗಳನ್ನು ಕೊಲ್ಲಲು. ಮೃಗವು ನಾಂಟುಕೆಟ್ ಊರಿಗೆ ಬಂದಿರಲಿಲ್ಲ. ನಾಂಟುಕೆಟ್ಟಿನವರೇ ಸಾವಿರಾರು ಮೈಲಿ ದೂರ ಅದರ ನೀರಿಗೆ ಹೋಗಿದ್ದರು.

ಚಿತ್ರದ ಮೊದಲ ಅರ್ಧದಲ್ಲಿ ಅತ್ಯುತ್ತಮವಾದ ದೃಶ್ಯವೊಂದಿದೆ. ಈಟಿ ನಾಟಿದ ರೆಡ್ ಬ್ಲಸ್ಟರ್ ಹಗ್ಗದ ಸಮೇತ ಆಳಕ್ಕೆ ಧುಮುಕುತ್ತದೆ; ಹಡಗು ವಾಲಿ ನೀರು ತುಂಬತೊಡಗುತ್ತದೆ. ಹಗ್ಗ ಕಡಿದರೆ ಎಲ್ಲರೂ ಬದುಕುತ್ತಾರೆ, ಆದರೆ ಮೃಗ ಕೈಬಿಟ್ಟುಹೋಗುತ್ತದೆ. ಕ್ರೋ ಒಪ್ಪುವುದಿಲ್ಲ. ಆಗ ಯಾರ ಅಪ್ಪಣೆಗೂ ಕಾಯದೆ ಹಗ್ಗ ಕಡಿಯುವವಳು ಮೇಸಿ. ಪ್ರಾಣ ಉಳಿಸಿದ ಆ ಮಗುವಿನ ಕಡೆಗೇ ಕ್ರೋ ಪಿಸ್ತೂಲು ತಿರುಗಿಸುತ್ತಾನೆ. ಜೇಕಬ್ ಅಡ್ಡ ಬರುತ್ತಾನೆ. ದ್ವೇಷವು ತನ್ನ ವಿಷಯವನ್ನು ಮಾತ್ರವಲ್ಲದೆ ತನ್ನ ಆಶ್ರಯವನ್ನೂ ಸುಡುತ್ತದೆಂಬುದಕ್ಕೆ ವ್ಯಾಖ್ಯಾನ ಬೇಡ, ಬಿಗಿದ ಆ ಹಗ್ಗವೇ ಸಾಕು. ಹಾಗೆಂದು ಕ್ರೋ ಕೇವಲ ದುಷ್ಟನಲ್ಲ. ಕಷ್ಟದಲ್ಲಿರುವ ಮತ್ತೊಂದು ಬೇಟೆಯ ಹಡಗಿಗೆ ನೆರವಾಗಬೇಕೆಂಬ ನಿಯಮಕ್ಕಾಗಿ, ಬಹುಕಾಲ ಹುಡುಕಿದ ಮೃಗವನ್ನು ಆರಂಭದಲ್ಲಿ ಅವನು ಬಿಟ್ಟುಕೊಡುತ್ತಾನೆ. ಅವನಲ್ಲಿ ಧೈರ್ಯವಿದೆ, ವಾತ್ಸಲ್ಯವಿದೆ, ಮಾತಿನ ನಿಷ್ಠೆಯಿದೆ. ಸದ್ಗುಣಗಳಿಂದ ತುಂಬಿದ ಹಡಗು ದುಷ್ಕಾರ್ಯಕ್ಕೆ ಹೊರಟಿದೆ, ಅಷ್ಟೆ.

ಇಲ್ಲಿಂದ ಚಿತ್ರ ತನ್ನ ಅತಿ ಸೂಕ್ಷ್ಮವಾದ ಮಾತಿಗೆ ಬರುತ್ತದೆ. ತಂದೆತಾಯಿಯರು ಸತ್ತದ್ದು ಸುಳ್ಳಿಗಾಗಿ ಎಂದಾದರೆ ಅವರು ವೀರರಲ್ಲವೇ ಎಂಬ ಪ್ರಶ್ನೆ ಮೇಸಿಯನ್ನು ಕಾಡುತ್ತದೆ. ವೀರನಾಗಿದ್ದೂ ತಪ್ಪು ದಾರಿಯಲ್ಲಿರಬಹುದು ಎಂಬಲ್ಲಿಗೆ ಅವಳ ಯೋಚನೆ ತಲುಪುತ್ತದೆ. ಹಿರಿಯರನ್ನು ಧಿಕ್ಕರಿಸದೆ, ಹಿರಿಯರ ಕೃತ್ಯವನ್ನು ಸಮರ್ಥಿಸದೆ ನಿಲ್ಲುವ ಈ ಸ್ಥಳ ಎಷ್ಟು ಇಕ್ಕಟ್ಟಿನದೆಂದು ಪೂರ್ವಜರ ವೀರಗಲ್ಲುಗಳನ್ನು ಬಸದಿಯ ಆವರಣದಲ್ಲಿ ಕಾಪಾಡಿಕೊಂಡು ಬಂದಿರುವವರು ಬಲ್ಲರು.

ಇಷ್ಟು ಹೇಳಿದ ಮೇಲೆ ಆಕ್ಷೇಪಕ್ಕೆ ಬರಬೇಕು.

ಬೇಟೆ ತಪ್ಪೆಂದು ಹೇಳಲು ಹೊರಟ ಚಿತ್ರವು ಮೊದಲು ಬೇಟೆಯ ರುಚಿಯನ್ನು ಹತ್ತಿಸುತ್ತದೆ. ನೆರವಿಗೆಂದು ಹೋದ ಹಡಗಿನ ಬಳಿ ‘ಬ್ರಿಕಲ್‌ಬ್ಯಾಕ್’ ಎಂಬ ಮೃಗದೊಡನೆ ನಡೆಯುವ ಕಾಳಗವನ್ನು ಎಷ್ಟು ರಭಸದಿಂದ, ಎಷ್ಟು ಉಲ್ಲಾಸದಿಂದ ಚಿತ್ರಿಸಲಾಗಿದೆಯೆಂದರೆ, ನೋಡುವ ಮಗು ಮೃಗ ಸಾಯಲಿ ಎಂದೇ ಹಾರೈಸುತ್ತದೆ. ಆ ಮೃಗವೂ ಕೂಡ ಸುಳ್ಳಿನ ಬಲಿಯೇ. ಆದರೆ ಸತ್ಯ ಹೊರಬಂದ ಮೇಲೂ ಅದನ್ನು ನೆನೆದು ಮರುಗುವ ದೃಶ್ಯವೊಂದಿಲ್ಲ. ಮುಂದೆ ದ್ವೀಪದಲ್ಲಿ ಏಡಿಯಂಥ ದೈತ್ಯ ಪ್ರಾಣಿಯೊಂದು ಎದುರಾಗುತ್ತದೆ. ಕೆಂಪು ಮೃಗ ಅದನ್ನು ಮಣಿಸುತ್ತದೆ. ಅದರ ನೋವಿನ ಕಡೆಗೂ ಯಾರೂ ತಿರುಗಿ ನೋಡುವುದಿಲ್ಲ. ಕೆಂಪು ಮೃಗಕ್ಕೆ ದೊಡ್ಡ ಕಣ್ಣುಗಳಿವೆ, ಮಗುವನ್ನು ಅರಿಯುವ ಬುದ್ಧಿಯಿದೆ, ಮೇಸಿ ಇಟ್ಟ ‘ರೆಡ್’ ಎಂಬ ಮುದ್ದಿನ ಹೆಸರಿದೆ. ಜೊತೆಗೆ ‘ಬ್ಲೂ’ ಎಂಬ ಪುಟ್ಟ ನೀಲಿ ಮರಿಯೂ ಉಂಟು. ಅದು ಮನೆಯ ನಾಯಿಮರಿಯಂತೆ ಬೆನ್ನುಹತ್ತುತ್ತದೆ. ಮುದ್ದಾದದ್ದಕ್ಕೆ ಅಭಯ, ವಿಕಾರವಾದದ್ದಕ್ಕೆ ಮೌನ. ಜೀವದಯೆಯ ಪಾಠ ಹೇಳುವ ಚಿತ್ರಕ್ಕೆ ಇದು ಸಣ್ಣ ದೋಷವಲ್ಲ.

ಚಿತ್ರಿಸಿದ ಮೃಗಕ್ಕೆ ಜೀವವೆಲ್ಲಿದೆ, ಅದರ ಸಾವಿಗೆ ಇಷ್ಟೇಕೆ ಚಿಂತೆ ಎಂದು ಯಾರಾದರೂ ನಗಬಹುದು. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಓದಿದವರು ಅಷ್ಟು ಸುಲಭವಾಗಿ ನಗಲಾರರು. ಅಲ್ಲಿ ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ದೇವಿಗೆ ಬಲಿಯಾಗಿ ಕತ್ತರಿಸುವುದು ನಿಜವಾದ ಹುಂಜವನ್ನಲ್ಲ, ಹಿಟ್ಟಿನ ಹುಂಜವನ್ನು. ಆದರೂ ಕತ್ತಿ ತಗುಲಿದಾಗ ಅದು ಕೂಗುತ್ತದೆ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಆ ಒಂದು ಸಂಕಲ್ಪದ ಫಲವನ್ನು ಉಣ್ಣುತ್ತಾರೆ. ಎಂಟುನೂರು ವರ್ಷಗಳಷ್ಟು ಹಿಂದೆಯೇ ಈ ನಾಡಿನ ಕವಿಯೊಬ್ಬ ಕೇಳಿದ ಪ್ರಶ್ನೆ ಇಂದಿನ ಆನಿಮೇಷನ್ ಚಿತ್ರಕ್ಕೆ ನೇರವಾಗಿ ತಾಗುತ್ತದೆ. ಬಣ್ಣದ ಮೃಗಕ್ಕೆ ಪ್ರಾಣವಿಲ್ಲ ನಿಜ, ಅದು ಸಾಯಲೆಂದು ಆಸನದ ಅಂಚಿಗೆ ಸರಿದು ಕುಳಿತ ಮನಸ್ಸಿಗೆ ಪ್ರಾಣವಿದೆ.

ಎರಡನೆಯ ಆಕ್ಷೇಪ ಲೆಕ್ಕಕ್ಕೆ ಸಂಬಂಧಿಸಿದ್ದು. ಚಿತ್ರದ ಕೊನೆಯಲ್ಲಿ ತಪ್ಪೆಲ್ಲವೂ ರಾಜ ರಾಣಿಯರ ತಲೆಯ ಮೇಲೆ ಬೀಳುತ್ತದೆ. ಸೆರೆಸಿಕ್ಕ ಮೃಗವನ್ನು ಕ್ರೋ ಅರಮನೆಯೆದುರು ತಂದು ನಿಲ್ಲಿಸಿದಾಗ ಮೇಸಿ ಅದನ್ನು ಬಿಡಿಸಿ, ನೆರೆದ ಜನರಿಗೆ ಪುಸ್ತಕದ ಗುಟ್ಟನ್ನು ಸಾರುತ್ತಾಳೆ. ಜೇಕಬ್ ತನ್ನ ಭರ್ಜಿಯನ್ನು ಮುರಿದೆಸೆಯುತ್ತಾನೆ. (ಇದನ್ನು ಬಾಹುಬಲಿಯ ವೈರಾಗ್ಯಕ್ಕೆ ಹೋಲಿಸುವ ಆತುರ ಕೆಲವರಿಗೆ ಉಂಟಾಗಬಹುದು. ಹೋಲಿಕೆ ನಿಲ್ಲದು. ಜೇಕಬ್ ಬಿಟ್ಟದ್ದು ತಪ್ಪೆಂದು ತಿಳಿದ ಕಸುಬನ್ನು. ಬಾಹುಬಲಿ ಬಿಟ್ಟದ್ದು ಗೆದ್ದ ರಾಜ್ಯವನ್ನು.) ಜನಸ್ತೋಮ ಕೆಲವೇ ನಿಮಿಷಗಳಲ್ಲಿ ಮನಸ್ಸು ಬದಲಿಸುತ್ತದೆ. ನಿನ್ನೆಯವರೆಗೆ ಬೇಟೆಗಾರರಿಗೆ ಜಯಕಾರ ಹಾಕಿದವರು, ಆ ಪುಸ್ತಕಗಳನ್ನು ಮಕ್ಕಳಿಗೆ ಓದಿಸಿದವರು, ಬೇಟೆಯಿಂದ ತೆರೆದುಕೊಂಡ ಕಡಲ ಹಾದಿಯ ಲಾಭವನ್ನು ಉಂಡವರು ಇವರೇ ಅಲ್ಲವೇ? ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಚಿತ್ರವು ಕೊಂದವನನ್ನೂ ಕೊಲ್ಲಿಸಿದವನನ್ನೂ ಹಿಡಿದು ನಿಲ್ಲಿಸುತ್ತದೆ, ಮೆಚ್ಚಿದವರನ್ನು ಮಾತ್ರ ಸುಂಕವಿಲ್ಲದೆ ದಾಟಿಸಿಬಿಡುತ್ತದೆ.

ನಿಜವಾದ ಇತಿಹಾಸದಲ್ಲಿ ಅಷ್ಟು ಸಲೀಸಾಗಿ ಯಾವುದೂ ಮುಗಿಯಲಿಲ್ಲ. ತಿಮಿಂಗಿಲದ ಎಣ್ಣೆ ಮನೆಗಳ ದೀಪವಾಗಿ ಉರಿಯಿತು, ಯಂತ್ರಗಳಿಗೆ ಜಾರುಣಿಕೆಯಾಯಿತು. ಅದರ ಬಾಯೊಳಗಿನ ಪಟ್ಟಿಗಳು ಛತ್ರಿಯ ಕಡ್ಡಿಗಳಾದವು, ಸಿರಿವಂತ ಸ್ತ್ರೀಯರ ಸೊಂಟಪಟ್ಟಿಗಳಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಎಣ್ಣೆ ಬಂದು ದೀಪದ ಬೇಡಿಕೆ ಇಳಿದರೂ ಕೊಲೆ ನಿಲ್ಲಲಿಲ್ಲ. ನಾರ್ವೆಯ ಸ್ವೆನ್ ಫೊಯ್ನ್ ಸಿಡಿಮದ್ದಿನ ಈಟಿಯನ್ನು ಬಳಕೆಗೆ ತಂದ. ಎಣ್ಣೆ ಸಾಬೂನಿಗೂ ಮಾರ್ಗರೀನ್ ಎಂಬ ಕೃತಕ ಬೆಣ್ಣೆಗೂ ಹೋಯಿತು. ಇಪ್ಪತ್ತನೆಯ ಶತಮಾನವೊಂದರಲ್ಲೇ ಸುಮಾರು 29 ಲಕ್ಷ ತಿಮಿಂಗಿಲಗಳು ಹತವಾದವೆಂದು ಅಂದಾಜು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲಿ ಹಿಂದೂ ಮಹಾಸಾಗರವನ್ನು ಅವುಗಳ ಅಭಯಧಾಮವಾಗಿ ಘೋಷಿಸಿತು. ಕರ್ನಾಟಕದ ಕರಾವಳಿಗೆ ತೆರೆಯಾಗಿ ಬಂದು ಬಡಿಯುವ ನೀರೂ ಅದರೊಳಗಿನದೇ. ವಾಣಿಜ್ಯ ಬೇಟೆಗೆ ತಡೆ ಹಾಕುವ ನಿರ್ಣಯ 1982ರದು, ಜಾರಿಗೆ ಬಂದದ್ದು 1986ರಲ್ಲಿ. ಆ ತಡೆಗೂ ಒಪ್ಪದ ರಾಷ್ಟ್ರಗಳು ಉಳಿದೇ ಇದ್ದವು. ಕೊಲ್ಲಿಸಿದ್ದು ಯಾವ ಒಬ್ಬ ಅರಸನೂ ಅಲ್ಲ. ದೀಪ ಹಚ್ಚಿದ, ಸಾಬೂನು ಕೊಂಡ ಲಕ್ಷಾಂತರ ಸಭ್ಯ ಗೃಹಸ್ಥರು. ಅವರಲ್ಲಿ ಬಹುಮಂದಿ ತಿಮಿಂಗಿಲವನ್ನು ಕಣ್ಣಿನಿಂದ ಕಂಡವರೂ ಅಲ್ಲ. ಎರಡು ಗಂಟೆಯೊಳಗಿನ ಕುಟುಂಬಚಿತ್ರವೊಂದು ಇದನ್ನೆಲ್ಲ ಹೇಳಬೇಕೆಂದು ಕೇಳುವುದು ಅತಿಯಾದೀತು. ಆದರೆ ಜನಸ್ತೋಮದ ನಡುವೆ ಒಬ್ಬನಾದರೂ ತಲೆ ತಗ್ಗಿಸಿ ನಿಂತದ್ದನ್ನು ತೋರಿಸಲು ಒಂದು ನಿಮಿಷ ಸಾಕಿತ್ತು.

ಚಿತ್ರದ ಪಕ್ಷದಲ್ಲಿ ಒಂದು ಮಾತನ್ನು ಮಾತ್ರ ಒಪ್ಪಬೇಕು. ಅನುಮೋದನೆಯ ಪಾಪವನ್ನು ಹೊತ್ತು, ಅದನ್ನು ಗುರುತಿಸಿ, ಕಳಚಿಕೊಳ್ಳುವ ಒಂದೇ ಒಂದು ಪಾತ್ರ ಅಲ್ಲಿದೆ. ಅದು ಮೇಸಿಯೇ. ಅವಳು ಕೊಂದವಳಲ್ಲ, ಕೊಲ್ಲಿಸಿದವಳೂ ಅಲ್ಲ. ಪುಸ್ತಕ ಓದಿ ಮೆಚ್ಚಿದವಳು, ಓದಿ ಹೇಳಿ ಇತರ ಮಕ್ಕಳೂ ಮೆಚ್ಚುವಂತೆ ಮಾಡಿದವಳು. ತಾನು ಎದೆಗವಚಿಕೊಂಡು ಬಂದ ಅದೇ ಪುಸ್ತಕವನ್ನು ಅವಳು ಜನರೆದುರು ಎತ್ತಿ ಹಿಡಿದು ಇದು ಸುಳ್ಳೆನ್ನುವಾಗ, ಅನಾಥಳಾದ ಆ ಮಗು ತನ್ನ ತಂದೆತಾಯಿಯರಿಂದ ಉಳಿದಿದ್ದ ಏಕೈಕ ಆಸ್ತಿಯಾದ ಹೆಮ್ಮೆಯನ್ನೂ ಅದರೊಡನೆ ಬಿಟ್ಟುಕೊಡುತ್ತಿದ್ದಾಳೆ. ಮಕ್ಕಳು ಅಲ್ಲಿ ಮೃಗದ ಬಿಡುಗಡೆಯನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ಪಕ್ಕದಲ್ಲಿ ಕುಳಿತ ಹಿರಿಯರು ಅವಳ ಮುಖವನ್ನು ನೋಡಬೇಕು, ಆಮೇಲೆ ಮೊದಲ ಅರ್ಧ ಗಂಟೆಯಲ್ಲಿ ಸತ್ತ ಆ ಇನ್ನೊಂದು ಮೃಗ ಏನಾಯಿತೆಂದು ಮಕ್ಕಳನ್ನೊಮ್ಮೆ ಕೇಳಬೇಕು.