ಒಗ್ಗರಣೆ ಡಬ್ಬಿ ಮತ್ತು ಕಂಪ್ಯೂಟರ್ ಮೆನು

ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬಂದಾಗ ಸೌತ್‌ಲೇಕ್‌ನ ನಮ್ಮಂಥ ಮನೆಗಳಲ್ಲಿ ಹಗಲು ಬಹಳ ಉದ್ದ. ನಾವು ಕೆಲಸಕ್ಕೆ, ಮಕ್ಕಳು ಕ್ಯಾಂಪಿಗೆ. ಕಾರಿಲ್ಲದೆ ಹೊರಗೆ ಹೋಗುವಂತಿಲ್ಲ. ಕಳೆದ ವರ್ಷ ಮಾವನವರಿಗೆಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟೆ. ಅವರು ಕೇಳಿದ್ದು ಮೂರೇ: ಪೇಪರ್ ಓದಬೇಕು, ಕನ್ನಡದಲ್ಲಿ ಕಾಗದ ಬರೆಯಬೇಕು, ಮೊಮ್ಮಗಳ ಫೋಟೋ ನೋಡಬೇಕು. ಎರಡನೆಯ ಸಂಜೆ ನೋಡಿದರೆ ಲ್ಯಾಪ್‌ಟಾಪ್ ಮುಚ್ಚಿತ್ತು. ಬರೆಯುವ ತಂತ್ರಾಂಶ 'ಆಫೀಸ್' ಒಳಗಿದೆ ಎಂದೆ. "ನಾನು ರಿಟೈರಾಗಿ ಹನ್ನೆರಡು ವರ್ಷವಾಯ್ತಲ್ಲಮ್ಮ, ಆಫೀಸಿಗೆ ಯಾಕೆ ಹೋಗಲಿ?" ಎಂದರು.

ನಕ್ಕೆ. ಆದರೆ ಆಕ್ಷೇಪಣೆ ನ್ಯಾಯವಾದದ್ದೇ. ಲಿನಕ್ಸ್ ಮೆನುವಿನ ವಿಭಾಗಗಳು ಫ್ರೀಡೆಸ್ಕ್‌ಟಾಪ್ ಯೋಜನೆಯ ನಿಯಮಾವಳಿಯಿಂದ ಬಂದವು: ಆಫೀಸ್, ಗ್ರಾಫಿಕ್ಸ್, ನೆಟ್‌ವರ್ಕ್, ಸಿಸ್ಟಮ್, ಯುಟಿಲಿಟಿ ಇತ್ಯಾದಿ. ಪ್ರತಿ ತಂತ್ರಾಂಶವೂ ತಾನು ಯಾವ ವಿಭಾಗಕ್ಕೆ ಸೇರಿದ್ದೆಂದು ತನ್ನದೊಂದು ಪುಟ್ಟ ಕಡತದಲ್ಲಿ ಹೇಳಿಕೊಳ್ಳುತ್ತದೆ. ಅಂದರೆ ವಿಂಗಡಿಸುವವರು ತಯಾರಿಸಿದವರು, ಬಳಸುವವರಲ್ಲ. ಈ ರೂಢಿ ಹಳೆಯದು. 1992ರ ವಿಂಡೋಸ್ 3.1ರಲ್ಲೇ 'ಆಕ್ಸೆಸರೀಸ್' ಎಂಬ ಗುಂಪಿತ್ತು. ಬರೆಯುವುದು, ಚಿತ್ರ ಬಿಡಿಸುವುದು, ಲೆಕ್ಕ ಹಾಕುವುದು ಎಲ್ಲ ಅದರೊಳಗೆ. ಮನೆಯ ಅಟ್ಟದ ಹಾಗೆ!

ಕನ್ನಡಿಸಿದರೆ ಸರಿಹೋಗುತ್ತದೆಯೇ? ಗ್ನೋಮ್, ಕೆಡಿಇಗಳನ್ನು ಕನ್ನಡಕ್ಕೆ ತಂದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ 'ಆಫೀಸ್' ಅನ್ನು 'ಕಚೇರಿ' ಎಂದು ಮಾಡಿದರೂ ಮಾವನವರ ಪ್ರಶ್ನೆ ಹಾಗೇ ಉಳಿಯುತ್ತದೆ.

ನಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿ ನೋಡಿ. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಕಡಲೆಬೇಳೆ ಒಟ್ಟಿಗಿರುತ್ತವೆ. ಬೇಳೆಗಳ ಸಾಲಿನಲ್ಲಿ ಉದ್ದಿನಬೇಳೆಯ ದೊಡ್ಡ ಡಬ್ಬಿ ಬೇರೆಯೇ ಇದ್ದರೂ ಯಾರಿಗೂ ಗೊಂದಲವಿಲ್ಲ. ಒಂದು ವಸ್ತು ಎರಡು ಕಡೆ ಇದ್ದರೆ ತಪ್ಪು ಎಂಬುದು ಉಗ್ರಾಣದವನ ಶಿಸ್ತು, ಅಡುಗೆ ಮಾಡುವವಳದಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಇದನ್ನು ಸ್ವಲ್ಪ ಅರಿತಿತ್ತು: ಸ್ಟಾರ್ಟ್ ಮೆನುವಿನ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ 'ಇಂಟರ್ನೆಟ್', ಅದರ ಕೆಳಗೆ ಸಣ್ಣದಾಗಿ ತಂತ್ರಾಂಶದ ಹೆಸರು. ಕೆಲಸ ಮೊದಲು, ಕಂಪನಿ ಆಮೇಲೆ.

ನಾನೂ ಮೊದಲು ಎಡವಿದೆ. ಮೆನುವೇ ಬೇಡವೆಂದು ಇಪ್ಪತ್ತು ಐಕಾನುಗಳನ್ನು ಪರದೆಯ ಮೇಲೆ ಸುರಿದೆ, ಗೊಂದಲ ಹೆಚ್ಚಿತು. ಎಕ್ಸ್‌ಎಫ್‌ಸಿಇ ಮೆನುವಿನಲ್ಲಿ ತಂತ್ರಾಂಶದ ಸಾಮಾನ್ಯ ಹೆಸರನ್ನು ತೋರಿಸುವ ಆಯ್ಕೆಯಿದೆ. 'ಫೈರ್‌ಫಾಕ್ಸ್' ಬದಲು 'ವೆಬ್ ಬ್ರೌಸರ್' ಬಂತು. ಮಾವನವರಿಗೆ ಎರಡೂ ಒಂದೇ. ಕೊನೆಗೆ ಮೂರು ಹೆಸರುಗಳನ್ನು ನಾನೇ ತಿದ್ದಿ ಮೆನುವಿನ ತುದಿಯಲ್ಲಿಟ್ಟೆ: ಪೇಪರ್ ಓದು, ಕಾಗದ ಬರಿ, ಫೋಟೋ ನೋಡು. ಊರಿಗೆ ಹೋದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಇವನ್ನೆಲ್ಲಿ ಹುಡುಕುತ್ತಾರೆ ಎಂದು ನಮ್ಮ ಮನೆಯವರು ಕೇಳಿದರು. ಆ ಮಾತು ನಿಜ. ಆದ್ದರಿಂದ ಪ್ರತಿ ಹೆಸರಿನ ಪಕ್ಕ ಮೂಲ ಹೆಸರನ್ನೂ ಸೇರಿಸಿದೆ, ಕೆಳಗಿನ ವಿಭಾಗಗಳನ್ನು ಮುಟ್ಟಲಿಲ್ಲ.

ಹೊರಡುವ ವಾರ ನೋಡಿದರೆ ಮಾವನವರು ದಿನವೂ ನಾಲ್ಕನೆಯದೊಂದನ್ನು ತೆರೆಯುತ್ತಿದ್ದರು: ಇಸ್ಪೀಟು. 'ಗೇಮ್ಸ್' ಅಂತ ಬರೆದಿತ್ತಲ್ಲ, ಅಲ್ಲೇ ಸಿಕ್ಕಿತು ಎಂದರು.