ಬೆಕ್ಕಿಗೊಂದು ಜಾಲರಿ ಅಂಗಳ

ಕಾಪುವಿನ ಕಡಲಂಚಿನ ಮನೆಯೊಂದರಲ್ಲಿ, ಒಳಗೇ ಬೆಳೆದ ಬೆಕ್ಕುಗಳಿಗಾಗಿ ವೆಲ್ಡಿಂಗ್ ಕೆಲಸದವರೊಬ್ಬರು ಹಿತ್ತಿಲಲ್ಲಿ ಕಟ್ಟಿಕೊಟ್ಟ ಜಾಲರಿ ಅಂಗಳ ನೋಡಿ ಮನಸ್ಸು ತುಂಬಿ ಬಂತು. 1901ರ ದೀಪಸ್ತಂಭವಿರುವ ಈ ಊರಿನ ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಸತು ಲೇಪಿಸಿದ ಪೈಪಾದರೂ ವೆಲ್ಡಿಂಗಿನ ಬಿಸಿಗೆ ಲೇಪ ಸುಟ್ಟುಹೋಗುತ್ತದೆ. ತುಕ್ಕು ಶುರುವಾಗುವುದೇ ಅಲ್ಲಿ. ಅವರು ಒಂದೊಂದು ಬೆಸುಗೆಯನ್ನೂ ತಂತಿ ಬ್ರಷ್ಷಿನಿಂದ ತಿಕ್ಕಿ, ಸತುವಿನ ಪೇಂಟ್ ಬಳಿದಿದ್ದರು. ಯಾರೂ ಬಗ್ಗಿ ನೋಡದ ಕೆಳಪಟ್ಟಿಗೂ!

ಜಾಲರಿಯ ಕಣ್ಣು ಅರ್ಧ ಇಂಚು. ನೆಲದಿಂದ ಎರಡಡಿಯವರೆಗೆ ಕಾಲಿಂಚಿನ ಇನ್ನೊಂದು ಪದರ, ಹಾವಿನ ಮರಿ ನುಸುಳಬಾರದೆಂದು. ಕತ್ತರಿಸಿದ ಅಂಚನ್ನೆಲ್ಲ ಹೊರಕ್ಕೆ ಮಡಚಿ, ಮೇಲೊಂದು ಪಟ್ಟಿ ಕೂರಿಸಿದ್ದಾರೆ. ಒಳಗಿನಿಂದ ಉದ್ದಕ್ಕೂ ಅಂಗೈ ಸವರಿದೆ, ಒಂದು ತಂತಿಯ ಮೊನೆಯೂ ತಾಗಲಿಲ್ಲ. ಬೆಕ್ಕು ಮೈ ಉಜ್ಜಿಕೊಂಡೇ ನಡೆಯುವ ಪ್ರಾಣಿ ಎಂಬುದನ್ನು ಬಲ್ಲವರು ಮಾತ್ರ ಹೀಗೆ ಕಟ್ಟಿಯಾರು.

ಬುಡಕ್ಕೆ ಮುರಕಲ್ಲು, ಆಟಿ ತಿಂಗಳ ಮಳೆನೀರು ನಿಲ್ಲದಂತೆ ಇಳಿಜಾರು. ಉಗುರು ಮಸೆಯಲು ಕತ್ತದ ಹಗ್ಗ ಸುತ್ತಿದ ಅಡಿಕೆ ಮರದ ತುಂಡು. ಬಾಗಿಲು ಎರಡು: ಒಂದನ್ನು ಹಾಕಿದ ಮೇಲೆ ಇನ್ನೊಂದನ್ನು ತೆರೆಯಬೇಕು, ಕಾಲಸಂದಿಯಲ್ಲಿ ಬೆಕ್ಕು ಓಡಿಹೋಗದು.

ಮಣಿಪಾಲದ ಫ್ಲ್ಯಾಟುಗಳ ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಕಟ್ಟಿ ಮುಗಿಸುವುದುಂಟು. ಬೆಕ್ಕು ಅದನ್ನು ಕಚ್ಚಿ ಹರಿಯಬಲ್ಲದು. ಚಿರತೆ ಓಡಾಡುವ ಕಾರ್ಕಳದ ಕಾಡಂಚಿಗಾದರೆ ಮೇಲ್ಗಡೆಗೂ ದಪ್ಪ ಸರಳು ಬೇಕು, ಕತ್ತಲಾಗುವ ಮೊದಲೇ ಬೆಕ್ಕನ್ನು ಮನೆಯೊಳಗೆ ಕರೆದುಕೊಳ್ಳಬೇಕು ಎಂದರು ಆ ವೆಲ್ಡಿಂಗ್ ಕೆಲಸದವರು, ಚಿಲಕಕ್ಕೆ ಎಣ್ಣೆ ಬಿಡುತ್ತ.