ಮೂವತ್ತಾರರ ಆಟಗಾರನಿಗೆ ಎರಡು ವರ್ಷ

2021ರ ಜೂನ್ 20ರಂದು ಬೆಂಗಳೂರು ಎಫ್‌ಸಿ ತನ್ನ ನಾಯಕ ಸುನಿಲ್ ಚೆಟ್ರಿ ಅವರ ಕರಾರನ್ನು ಎರಡು ವರ್ಷ ಮುಂದುವರಿಸಿತು. ಚೆಟ್ರಿ ಅವರಿಗೆ 37 ತುಂಬಲು ಆಗ ಒಂದೂವರೆ ತಿಂಗಳಷ್ಟೇ ಬಾಕಿ. ಫುಟ್‌ಬಾಲಿನಲ್ಲಿ ಅದು ಬೂಟು ಬಿಚ್ಚಿಡುವ ವಯಸ್ಸು. ನಮ್ಮ ನಾಡಿನ ಕ್ಲಬ್ಬೊಂದು ಮಾಡಿದ ಕರಾರುಗಳಲ್ಲಿ ಇಷ್ಟು ಹದವರಿತದ್ದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಆ ಜೂನ್ ತಿಂಗಳಲ್ಲಿ ಯಾರ ಕೈ ಮೇಲಿತ್ತು ನೋಡಿ. ಸಹಿಗೆ ಎರಡು ವಾರ ಮೊದಲು, ಜೂನ್ 7ರಂದು, ದೋಹಾದಲ್ಲಿ ಬಾಂಗ್ಲಾದೇಶದ ವಿರುದ್ಧ ಚೆಟ್ರಿ ಎರಡು ಗೋಲು ಹೊಡೆದರು. ಭಾರತಕ್ಕಾಗಿ ಅವರ ಗೋಲುಗಳು 74 ಆದವು. ಆ ಹೊತ್ತಿಗೆ ಮೆಸ್ಸಿ 72ರಲ್ಲಿದ್ದರು. ಇತ್ತ ಕ್ಲಬ್ಬು ಆಗಷ್ಟೇ ಮುಗಿದ ಐಎಸ್‌ಎಲ್‌ನಲ್ಲಿ ಏಳನೆಯ ಸ್ಥಾನಕ್ಕಿಳಿದು, ಮೊದಲ ಬಾರಿಗೆ ಪ್ಲೇ ಆಫ್ ತಪ್ಪಿಸಿಕೊಂಡಿತ್ತು. ಆಟಗಾರ ಏರುಮುಖ, ಕ್ಲಬ್ಬು ಇಳಿಮುಖ. ಏಜೆಂಟರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಅಂಥ ಹೊತ್ತಿನಲ್ಲಿ ಮೂರೋ ನಾಲ್ಕೋ ವರ್ಷ ಬರೆಸಿಕೊಂಡವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಬರೆದದ್ದು ಎರಡೇ.

ಎರಡೇ ಏಕೆ ಸರಿ? ಒಂದೇ ವರ್ಷ ಕೊಟ್ಟಿದ್ದರೆ ಮುಪ್ಪಿನತ್ತ ಸರಿಯುವ ಆಟಗಾರ ಪ್ರತಿ ಪಂದ್ಯವನ್ನೂ ಪರೀಕ್ಷೆಯಂತೆ ಆಡಬೇಕಿತ್ತು. ಮೂರು ಕೊಟ್ಟಿದ್ದರೆ ಕೊನೆಯ ವರ್ಷದ ಸಂಬಳ ಎಳೆಯರ ಜಾಗವನ್ನು ನುಂಗುತ್ತಿತ್ತು. 2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ಅನೇಕ ಪಂದ್ಯಗಳಲ್ಲಿ ಚೆಟ್ರಿ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಕರಾರು ಗಟ್ಟಿಯಿದ್ದುದರಿಂದ ಅದು ಜಗಳವಾಗಲಿಲ್ಲ, ಆಟದ ತೀರ್ಮಾನವಾಗಿಯೇ ಉಳಿಯಿತು. ಅದೇ ಸೀಸನ್ನಿನಲ್ಲಿ ಕ್ಲಬ್ಬು ಡುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್ ಫೈನಲ್ ತನಕ ಹೋಗಿ ಪೆನಾಲ್ಟಿಯಲ್ಲಿ ಸೋತಿತು. ಚೆಟ್ರಿ ಆ ಬಳಿಕವೂ ಕ್ಲಬ್ಬಿನಲ್ಲೇ ಉಳಿದು, 2024-25ರಲ್ಲಿ, ನಲವತ್ತರ ವಯಸ್ಸಿನಲ್ಲಿ, 14 ಗೋಲು ಹೊಡೆದರು. ಆ ಸೀಸನ್ನಿನಲ್ಲಿ ಭಾರತೀಯ ಆಟಗಾರರ ಪೈಕಿ ಅಷ್ಟು ಗೋಲು ಬೇರೆ ಯಾರದೂ ಇಲ್ಲ.

ಇಂಥ ಮಾತುಕತೆಗೆ ಗಡಿಯಾರ ಕಟ್ಟಿರುವುದು ಫೀಫಾ ನಿಯಮ. ಕರಾರು ಮುಗಿಯಲು ಆರು ತಿಂಗಳು ಉಳಿದಾಗ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮುಕ್ತವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಮೇ 31ಕ್ಕೆ ಮುಗಿಯುವುದಾದರೆ ಡಿಸೆಂಬರ್ ಬಂತೆಂದರೆ ಕ್ಲಬ್ಬಿನ ಕೈ ಸಡಿಲ. ಆಮೇಲೆ ಆತ ಹೋದರೆ ಒಂದು ರೂಪಾಯಿ ವರ್ಗಾವಣೆ ಹಣವೂ ಬಾರದು. ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್ ಕೋರ್ಟು ಹತ್ತಿ 1995ರ ಡಿಸೆಂಬರ್ 15ರಂದು ಗೆದ್ದ ಹಕ್ಕು ಇದರ ಹಿಂದಿದೆ. ಹಾಗಾಗಿ ಜಾಣ ಕ್ಲಬ್ಬು ಕೊನೆಯ ವರ್ಷ ಶುರುವಾಗುವ ಮೊದಲೇ ಮಾತಿಗೆ ಕೂರುತ್ತದೆ. ಇನ್ನೊಂದು ಗುಟ್ಟೂ ಇದೆ. 28 ತುಂಬುವ ಮೊದಲು ಸಹಿ ಮಾಡಿದ ಆಟಗಾರ ಮೂರು ಸೀಸನ್ ತನಕ, ಆಮೇಲೆ ಮಾಡಿದವನು ಎರಡು ಸೀಸನ್ ತನಕ ಸಕಾರಣವಿಲ್ಲದೆ ಕರಾರು ಮುರಿದರೆ ಪರಿಹಾರದ ಜೊತೆ ನಿಷೇಧವನ್ನೂ ಅನುಭವಿಸಬೇಕು. ಅವಧಿ ವಿಸ್ತರಿಸಿದೊಡನೆ ಈ ರಕ್ಷಣೆಯ ಲೆಕ್ಕ ಮತ್ತೆ ಮೊದಲಿನಿಂದ ಶುರು. ಹೊಸ ಸಹಿಯಲ್ಲಿ ಕ್ಲಬ್ಬು ಕೊಳ್ಳುವ ದೊಡ್ಡ ವಸ್ತು ಇದೇ. ಸಂಬಳ ಏರಿಸುವಂತೆ ಕೇಳಲು ಆಟಗಾರನಿಗೂ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಮುರಿದಾಗ ಏನಾಗುತ್ತದೆ ಎಂಬುದನ್ನು 2024ರಲ್ಲಿ ಕೋಲ್ಕತ್ತದಲ್ಲಿ ಕಂಡೆವು. ದೆಹಲಿ ಎಫ್‌ಸಿಯಿಂದ ದೀರ್ಘಾವಧಿ ಲೋನ್ ಮೇಲೆ ಮೋಹನ್ ಬಾಗಾನ್‌ಗೆ ಬಂದಿದ್ದ ಡಿಫೆಂಡರ್ ಅನ್ವರ್ ಅಲಿ ಅದನ್ನು ಕಡಿದುಕೊಂಡು ಈಸ್ಟ್ ಬೆಂಗಾಲ್ ಸೇರಿದರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಸಮಿತಿ ನಾಲ್ಕು ತಿಂಗಳ ನಿಷೇಧವನ್ನೂ ಆಟಗಾರ, ದೆಹಲಿ ಎಫ್‌ಸಿ ಮತ್ತು ಈಸ್ಟ್ ಬೆಂಗಾಲ್ ಸೇರಿ ₹12.90 ಕೋಟಿ ಪರಿಹಾರ ಕೊಡಬೇಕೆಂಬ ಆದೇಶವನ್ನೂ ಹೊರಡಿಸಿತು. ವಿಷಯ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಪ್ರತಿಭಾವಂತ ಹುಡುಗನೊಬ್ಬನ ಹೆಸರು ಗೋಲಿನ ಮುಂದಲ್ಲ, ಅರ್ಜಿಯ ಮೇಲೆ ಕಾಣಿಸಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಹಿಂದೆ ಕರ್ನಾಟಕದ ಆಟಗಾರನಿಗೆ ದೀರ್ಘಾವಧಿ ಕರಾರು ಎಂದರೆ ಐಟಿಐ, ಎಚ್‌ಎಎಲ್‌ಗಳಂಥ ಕಾರ್ಖಾನೆಯ ನೌಕರಿ. ಸಂಬಳ ಸಣ್ಣದು, ಆದರೆ ಮೊಣಕಾಲು ಮುರಿದರೂ ತಿಂಗಳ ಮೊದಲ ವಾರ ಅದು ಕೈ ಸೇರುತ್ತಿತ್ತು. ವೃತ್ತಿಪರ ಕ್ಲಬ್ಬುಗಳ ಕಾಲದಲ್ಲಿ ಮೊತ್ತ ದೊಡ್ಡದಾಯಿತು. 2015ರ ಹರಾಜಿನಲ್ಲಿ ಮುಂಬೈ ಸಿಟಿ ಚೆಟ್ರಿ ಅವರಿಗೆ ₹1.20 ಕೋಟಿ ಕೂಗಿತು. ಭದ್ರತೆ ಮಾತ್ರ ಮೊತ್ತದ ಜೊತೆ ಬೆಳೆಯಲಿಲ್ಲ.

ಎಐಎಫ್‌ಎಫ್‌ಗೂ ಲೀಗ್ ನಡೆಸುವ ಸಂಸ್ಥೆಗೂ 2010ರಲ್ಲಿ ಆದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರಿನಲ್ಲಿ ಮುಗಿಯಬೇಕಿತ್ತು. ಹೊಸದು ಕುದುರದೆ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕರಾರನ್ನು ಅಷ್ಟು ಹದವಾಗಿ ಬರೆದ ಕ್ಲಬ್ಬೇ ಇದು. ಆಟಗಾರನ ಕರಾರು ಎಷ್ಟೇ ವರ್ಷದ್ದಿರಲಿ, ಲೀಗಿನ ಕರಾರು ಅದಕ್ಕಿಂತ ಮೊದಲೇ ಮುಗಿಯುವುದಾದರೆ ಉಳಿದ ವರ್ಷಗಳು ಯಾರ ಭರವಸೆಯ ಮೇಲೆ ನಿಂತಿವೆ?

ಮುಧೋಳ, ಜಮಖಂಡಿ ಕಡೆಯ ಓದುಗರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತಿಮ್ಮಾಪುರದ ಸುತ್ತ ಕಬ್ಬು ಕಳಿಸಿದ ರೈತ ಟನ್ನಿನ ದರದಷ್ಟೇ ಬಿಲ್ಲು ಬರುವ ದಿನವನ್ನೂ ಕೇಳುತ್ತಾನೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆಟಗಾರನಿಗೂ ಹೆಚ್ಚುಕಡಿಮೆ ಇಂಥದೇ ನಿಯಮ ಇದೆ: ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಕ್ಲಬ್ಬಿಗೆ 15 ದಿನದ ನೋಟಿಸು ಕೊಟ್ಟು, ಆಗಲೂ ಬಾರದಿದ್ದರೆ ಕರಾರಿನಿಂದ ಹೊರಬರಬಹುದು. ಆದರೆ ಲೀಗೇ ನಿಂತಾಗ ಹೊರಬಂದು ಹೋಗುವುದೆಲ್ಲಿಗೆ? ಹಾಗಾಗಿ ಮುಂದಿನ ಕರಾರುಗಳಲ್ಲಿ ನಾನು ಹುಡುಕುವುದು ಒಂದು ಕಲಮನ್ನು. ಲೀಗ್ ನಡೆಯದ ತಿಂಗಳಲ್ಲಿ ಸಂಬಳದ ಎಷ್ಟು ಪಾಲು ಖಚಿತ, ಅದನ್ನು ಯಾವ ಬ್ಯಾಂಕ್ ಗ್ಯಾರಂಟಿಯಿಂದ ಕೊಡುತ್ತಾರೆ ಎಂಬುದು ಅಲ್ಲಿ ಬರೆದಿರಬೇಕು. ವರ್ಷ ಒಂದು ಕಡಿಮೆಯಾದರೂ ಚಿಂತೆಯಿಲ್ಲ.

ಮಗನನ್ನು ಬೆಂಗಳೂರಿನ ಅಕಾಡೆಮಿಗೆ ಕಳಿಸುವ ಯೋಚನೆಯಲ್ಲಿರುವ ತಂದೆ-ತಾಯಿಗೆ ಎರಡು ಮಾತು. 18ರ ಒಳಗಿನ ಹುಡುಗನ ಕರಾರನ್ನು ಫೀಫಾ ಮೂರು ವರ್ಷಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಐದು ವರ್ಷದ ಕಾಗದ ಮುಂದಿಟ್ಟವರಿಗೆ ಅದನ್ನು ನೆನಪಿಸಿ. ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಕರಾರು ಊರ್ಜಿತ ಎಂಬ ಷರತ್ತೂ ನಿಲ್ಲದು. ಪರೀಕ್ಷೆ ಏನಿದ್ದರೂ ಸಹಿಗೆ ಮೊದಲೇ ಮುಗಿಯಬೇಕು. ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು, ಎಷ್ಟು ತಿಂಗಳು ಎಂಬ ಪುಟವನ್ನು ತಾಲ್ಲೂಕಿನ ವಕೀಲರೊಬ್ಬರಿಗೆ ತೋರಿಸಿ, ಆಮೇಲೆ ಪೆನ್ನು ತೆಗೆಯಿರಿ.